ಬೆಂಗಳೂರು – ಸ್ಯಾನ್ ಫ್ರಾನ್ಸಿಸ್ಕೊ: 14 ಸಾವಿರ ಕಿ.ಮೀ. ಸರಿ, ನಿಜವಾಗಿ ಎಷ್ಟು ಗಂಟೆ?

ಒಂಟಿಕೊಪ್ಪಲ್ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸನಿವೇಲ್‌ನಲ್ಲಿದ್ದೇನೆ. ಅಕ್ಟೋಬರ್ ಮೊದಲ ವಾರ ಅಪ್ಪ ಅಮ್ಮ ಮೈಸೂರಿನಿಂದ ಬರುತ್ತಿದ್ದಾರೆ, ನನ್ನ ಬಾಣಂತನಕ್ಕೆ. ಇಬ್ಬರಿಗೂ ಇದೇ ಮೊದಲ ವಿದೇಶ ಪ್ರಯಾಣ. ಅಪ್ಪನಿಗೆ 71, ಶುಗರ್ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಡಾಕ್ಟರ್ "ಒಟ್ಟು ಎಷ್ಟು ಗಂಟೆ ಪ್ರಯಾಣ ಅಂತ ಬರೆದುಕೊಂಡು ಬನ್ನಿ" ಅಂದಿದ್ದಾರಂತೆ. ಅದನ್ನು ಬರೆಯೋಕೆ ಕೂತು ತಲೆ ಕೆಟ್ಟುಹೋಯಿತು.

ಎರಡು ಊರಿನ ಹೆಸರು ಹಾಕಿದರೆ ದೂರ ತೋರಿಸುವ ಒಂದು ಸೈಟ್ ನೋಡಿದೆ. ದೂರ 13,990 ಕಿ.ಮೀ., ವಿಮಾನದ ಸಮಯ 15 ಗಂಟೆ 33 ನಿಮಿಷ ಅನ್ನುತ್ತದೆ. ಟಿಕೆಟ್ ಟೋಕಿಯೊ ಮೇಲೆ ಇದೆ, ಅದರಲ್ಲಿ 20 ಗಂಟೆ 45 ನಿಮಿಷ ಅಂತ ಇದೆ. ಆದರೆ ಅದೇ ಟಿಕೆಟ್ಟಿನಲ್ಲಿ ಬೆಂಗಳೂರು ಬಿಡುವುದು ಮಂಗಳವಾರ ಬೆಳಗಿನ ಜಾವ 2:30ಕ್ಕೆ, ಇಲ್ಲಿ ಇಳಿಯುವುದು ಮಂಗಳವಾರ ಬೆಳಿಗ್ಗೆ 10:45ಕ್ಕೆ. ಅಮ್ಮ ಬೆರಳು ಮಡಚಿ ಎಣಿಸಿ, "ಎಂಟೂಕಾಲು ಗಂಟೆ ತಾನೇ? ಧಾರವಾಡದ ಮದುವೆಗೆ ಹೋದಷ್ಟೇ ಆಯ್ತು" ಅಂತಾರೆ.

ಅದಕ್ಕಿಂತ ವಿಚಿತ್ರ ಕೇಳಿ. ಟೋಕಿಯೊ ಬಿಡುವುದು ಮಂಗಳವಾರ ಸಂಜೆ 5:45ಕ್ಕೆ. ಸ್ಯಾನ್ ಫ್ರಾನ್ಸಿಸ್ಕೊ ತಲುಪುವುದು ಅದೇ ಮಂಗಳವಾರ ಬೆಳಿಗ್ಗೆ 10:45ಕ್ಕೆ. ಹೊರಡುವ ಏಳು ಗಂಟೆ ಮುಂಚೆಯೇ ತಲುಪುತ್ತಾರೆ! ಡಾಕ್ಟರಿಗೆ ಯಾವ ಲೆಕ್ಕ ಕೊಡಲಿ?

ನಿದ್ದೆಗೆಟ್ಟ ನಾಣಿ

ಹೊರಡೋಕೆ ಮುಂಚೆ ತಲುಪೋ ಬಸ್ಸು ನಮ್ಮೂರಿಗೂ ಒಂದು ಬೇಕು.

ಭೂಗೋಳ ಮೇಷ್ಟ್ರು

ಅಮ್ಮನ ಲೆಕ್ಕ ತಪ್ಪಲ್ಲ ತಾಯಿ, ಗಡಿಯಾರಗಳು ಬೇರೆ ಬೇರೆ ಅಷ್ಟೇ. ಮೂರೂ ಊರಿನ ಸಮಯವನ್ನು ಬೆಂಗಳೂರಿನ ಸಮಯಕ್ಕೆ ತಂದು ನೋಡಿ.

ಬೆಂಗಳೂರು ಬಿಡುವುದು ಬೆಳಗಿನ ಜಾವ 2:30. ಟೋಕಿಯೊ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಇಳಿಯುವುದು ಎಷ್ಟಕ್ಕೆ ಅಂತ ನೀವು ಬರೆದಿಲ್ಲ, ಅದನ್ನು ನೀವೇ ಹಾಕಿಕೊಳ್ಳಿ. ಅಲ್ಲಿಂದ ಹೊರಡುವ ಸಂಜೆ 5:45 ಅಂದರೆ ನಮ್ಮ ಮಧ್ಯಾಹ್ನ 2:15. ಅಕ್ಟೋಬರ್ ಮೊದಲ ವಾರ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ ಇರುತ್ತದೆ. ಅಲ್ಲಿನ ಬೆಳಿಗ್ಗೆ 10:45 ಅಂದರೆ ನಮ್ಮ ರಾತ್ರಿ 11:15. 2:15ರಿಂದ 11:15ಕ್ಕೆ ಒಂಬತ್ತು ಗಂಟೆ. ಮಾಯ ಮಂತ್ರ ಏನೂ ಇಲ್ಲ. ಬೆಳಗಿನ ಜಾವ 2:30ರಿಂದ ರಾತ್ರಿ 11:15ರವರೆಗೆ 20 ಗಂಟೆ 45 ನಿಮಿಷ. ಟಿಕೆಟ್ ಹೇಳಿದ್ದೇ ಸರಿ.

ಅಮ್ಮನಿಗೆ ಒಂದು ಸುಲಭ ಉಪಾಯ ಹೇಳಿಕೊಡಿ. ಮುಳ್ಳಿನ ಗಡಿಯಾರದಲ್ಲಿ ಹನ್ನೆರಡು ಗಂಟೆ ಕಳೆದರೆ ಮುಳ್ಳು ಅಲ್ಲೇ ಇರುತ್ತದೆ, ಅಲ್ವಾ? ಹಗಲು ಹೋಗಿ ರಾತ್ರಿಯಾಗುತ್ತದೆ, ಅಷ್ಟೆ. ಆದ್ದರಿಂದ ಬೆಂಗಳೂರಿನ ಗಡಿಯಾರದಲ್ಲಿ ಅರ್ಧ ಗಂಟೆ ಕಡಿಮೆ ಮಾಡಿ ಓದಿದರೆ ಅದೇ ಸ್ಯಾನ್ ಫ್ರಾನ್ಸಿಸ್ಕೊ ಸಮಯ. ಇಲ್ಲಿ ರಾತ್ರಿ 9 ಅಂದರೆ ಅಲ್ಲಿ ಬೆಳಿಗ್ಗೆ 8:30. ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಹಿಂದಕ್ಕೆ ಹಾಕುತ್ತಾರೆ. ಆಮೇಲೆ ಒಂದೂವರೆ ಗಂಟೆ ಕಳೆಯಬೇಕು, ಮಾರ್ಚ್ ಎರಡನೇ ಭಾನುವಾರದವರೆಗೆ.

ಒಂಟಿಕೊಪ್ಪಲ್ ಹುಡುಗಿ

ಅಯ್ಯೋ ಮೇಷ್ಟ್ರೇ, ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾಲ್ಕು ವರ್ಷದಿಂದ ಇಲ್ಲಿದ್ದೇನೆ, ಈಗಲೂ ಫೋನ್ ಮಾಡುವ ಮುಂಚೆ ಬೆರಳಲ್ಲಿ ಎಣಿಸುತ್ತೇನೆ.

ಟೋಕಿಯೊದಲ್ಲಿ ಇಳಿಯುವುದು ಮಧ್ಯಾಹ್ನ 1:45ಕ್ಕೆ. ಅಂದರೆ ನಮ್ಮ 10:15. ಮೊದಲ ವಿಮಾನ ಏಳೂಮುಕ್ಕಾಲು ಗಂಟೆ, ನಡುವೆ ನಾಲ್ಕು ಗಂಟೆ ಕಾಯುವುದು, ಎರಡನೆಯದು ಒಂಬತ್ತು. ಸರಿ ಹೋಯಿತು. ಹಾಗಾದರೆ ಆ ಸೈಟಿನ 15 ಗಂಟೆ 33 ನಿಮಿಷ ಎಲ್ಲಿಂದ ಬಂತು?

ರನ್‌ವೇ ರಂಗ

ಅದು ಸುಮ್ನೆ ಭಾಗಾಕಾರ. 13,990ನ್ನು 900ರಿಂದ ಭಾಗಿಸಿ ನೋಡಿ, 15.54 ಬರುತ್ತದೆ. ಅಂದರೆ 15 ಗಂಟೆ 33 ನಿಮಿಷ. ದೊಡ್ಡ ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ ಅಂತ ಹಿಡಿದು ಲೆಕ್ಕ ಹಾಕಿದ್ದಾರೆ. ಗಾಳಿ ಇಲ್ಲ, ಬಳಸು ದಾರಿ ಇಲ್ಲ, ರನ್‌ವೇವರೆಗೆ ನೆಲದ ಮೇಲೆ ಉರುಳುವ ಸಮಯ ಇಲ್ಲ, ಏರುವುದು ಇಳಿಯುವುದು ಏನೂ ಇಲ್ಲ. ನಾನು ಕೆಲವು ವರ್ಷ ವಿಮಾನಗಳ ದಾರಿ ಲೆಕ್ಕ ಹಾಕುವ ಕೆಲಸದಲ್ಲಿದ್ದೆ. ಇಂಥ ಲೆಕ್ಕ ಕೊಟ್ಟಿದ್ದರೆ ಮೊದಲ ದಿನವೇ ಮನೆಗೆ ಕಳಿಸುತ್ತಿದ್ದರು.

ಹಾಗಂತ ದೂರ ಸುಳ್ಳಲ್ಲ. ಭೂಮಿಯ ಮೇಲೆ ಆ ಎರಡು ಊರಿನ ನಡುವಿನ ಅತಿ ಕಡಿಮೆ ದೂರ ಅದೇ. ಆದರೆ ಆ ಗೆರೆಯ ಮೇಲೆ ವಿಮಾನ ಹಾರುವುದಿಲ್ಲ.

ಧಾರವಾಡ ಪೇಡೆ

ಯಾಕೆ ಹಾರುವುದಿಲ್ಲ? ರಸ್ತೆಗಾದರೆ ಗುಡ್ಡ ಹೊಳೆ ಅಡ್ಡ ಬರುತ್ತವೆ. ಆಕಾಶದಲ್ಲಿ ಏನು ಅಡ್ಡ?

ಭೂಗೋಳ ಮೇಷ್ಟ್ರು

ಗುಡ್ಡವೇ ಅಡ್ಡ!

ಮನೆಯಲ್ಲಿ ಭೂಗೋಳದ ಗೋಳ ಇದ್ದರೆ ಹೂ ಕಟ್ಟುವ ದಾರ ತೆಗೆದುಕೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ಗೋಡೆಯ ನಕ್ಷೆ ನೋಡಿ ನಾವೆಲ್ಲ ಅರಬ್ಬಿ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ದಾಟಿ ಹೋಗಬೇಕು ಅಂದುಕೊಳ್ಳುತ್ತೇವೆ. ದಾರ ಹಾಗೆ ಹೋಗುವುದೇ ಇಲ್ಲ. ಬೆಂಗಳೂರಿನಿಂದ ಸ್ವಲ್ಪ ಬಲಕ್ಕೆ ವಾಲಿ ಉತ್ತರಕ್ಕೆ ಏರುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯದ ಪಶ್ಚಿಮ ಭಾಗ, ಸೈಬೀರಿಯ. ಆರ್ಕ್ಟಿಕ್ ಕಡಲ ಅಂಚು ಮುಟ್ಟಿ, ಅಲಾಸ್ಕ ದಾಟಿ, ಪೆಸಿಫಿಕ್ ತೀರಕ್ಕೆ ಇಳಿಯುತ್ತದೆ. ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಈ ದಾರದ ಆಟ ಆಡಿಸುತ್ತಿದ್ದೆ. ಮಕ್ಕಳು ಮೊದಲು ನಂಬುತ್ತಲೇ ಇರಲಿಲ್ಲ.

ಈಗ ಟಿಬೆಟ್ ನೋಡಿ. ಆ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ಸುಮಾರು 4,500 ಮೀಟರ್. ಮುಂದಿನದನ್ನು ರಂಗ ಹೇಳಲಿ.

ರನ್‌ವೇ ರಂಗ

ವಿಮಾನ ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಹಾರುತ್ತದೆ, ಹಿಮಾಲಯ ದಾಟುವುದು ಅದಕ್ಕೆ ಕಷ್ಟವಲ್ಲ. ಕಷ್ಟ ಬರುವುದು ಒಳಗಿನ ಗಾಳಿಯ ಒತ್ತಡ ಕೆಟ್ಟರೆ. ಆಗ ಮೇಲಿಂದ ಮಾಸ್ಕ್ ಬೀಳುತ್ತದಲ್ಲ, ಅದರಲ್ಲಿ ಆಮ್ಲಜನಕ ಬರುವುದು ಸುಮಾರು ಕಾಲು ಗಂಟೆ. ಅಷ್ಟರೊಳಗೆ ವಿಮಾನ 10,000 ಅಡಿಗೆ, ಅಂದರೆ 3,000 ಮೀಟರ್‌ಗೆ ಇಳಿಯಬೇಕು. ಟಿಬೆಟ್ ಮೇಲೆ ಇಳಿಯೋಕೆ ಜಾಗ ಎಲ್ಲಿದೆ? ನೆಲವೇ ಅದಕ್ಕಿಂತ ಮೇಲಿದೆ. ಹತ್ತಿರದಲ್ಲಿ ದೊಡ್ಡ ವಿಮಾನ ಇಳಿಸುವ ನಿಲ್ದಾಣಗಳೂ ಕಡಿಮೆ. ಹೀಗಾಗಿ ಸಾಧಾರಣವಾಗಿ ಅದನ್ನು ಬಿಟ್ಟು ಸುತ್ತು ಹಾಕಿಕೊಂಡೇ ಹೋಗುತ್ತಾರೆ.

ಇನ್ನೊಂದು ಅಡ್ಡಿ ದೇಶಗಳದ್ದು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ ಮತ್ತು ಯುರೋಪಿನ ಬಹುತೇಕ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. ಭಾರತದ ವಿಮಾನಗಳಿಗೆ ಮುಚ್ಚಿಲ್ಲ. ಆದರೆ 2025ರ ಏಪ್ರಿಲ್‌ನಿಂದ ಭಾರತದ ವಿಮಾನಗಳಿಗೆ ಪಾಕಿಸ್ತಾನದ ಆಕಾಶ ಮುಚ್ಚಿತು. ದೆಹಲಿಯಿಂದ ಅಮೆರಿಕಕ್ಕೆ ಹೋಗುವವರಿಗೆ ಅದರ ಬಿಸಿ ಜೋರಾಗಿ ತಟ್ಟಿತು. ಒಂದೇ ಎರಡು ಊರು, ಒಂದೇ ದೂರ. ವಿಮಾನ ಯಾವ ದೇಶದ್ದು ಅನ್ನುವುದರ ಮೇಲೆ ದಾರಿಯೇ ಬೇರೆ.

ಬೇ ಏರಿಯಾ ಭಟ್ಟ

ರಂಗ ಅವರ ಮಾತಿಗೆ ಒಂದು ಸೇರಿಸುತ್ತೇನೆ. 2023ರ ಜೂನ್‌ನಲ್ಲಿ ದೆಹಲಿಯಿಂದ ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಬರುತ್ತಿದ್ದ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿಯಿತು, ನೆನಪಿದೆಯಾ? ಬದಲಿ ವಿಮಾನ ಬರುವವರೆಗೆ ಜನ ಅಲ್ಲೇ ಉಳಿಯಬೇಕಾಯಿತು. ನಮ್ಮ ಪಕ್ಕದ ಬೀದಿಯವರ ಅತ್ತೆ ಆ ವಾರವೇ ಬರುವವರಿದ್ದರು, ಬೇರೆ ವಿಮಾನದಲ್ಲಿ. ಅವರ ಮನೆಯಲ್ಲಿ ಎರಡು ದಿನ ಮಗದಾನ್ ಬಿಟ್ಟು ಬೇರೆ ಮಾತೇ ಇರಲಿಲ್ಲ.

ನಿದ್ದೆಗೆಟ್ಟ ನಾಣಿ

ಒಬ್ಬರು ಬಸುರಿ ಹೆಂಗಸು ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತಿದ್ದಾರೆ ಸ್ವಾಮಿ. ಮಗದಾನ್ ಕಥೆ ಈಗಲೇ ಬೇಕಿತ್ತಾ?

ಬೇ ಏರಿಯಾ ಭಟ್ಟ

ತಪ್ಪಾಯಿತು. ಒಂಟಿಕೊಪ್ಪಲ್ ಅವರೇ, ನಿಮ್ಮದು ಟೋಕಿಯೊ ದಾರಿ, ಹೆದರಬೇಡಿ. ದಾರಿಯ ಲೆಕ್ಕದಲ್ಲಿ ನೀವು ಆರಿಸಿಕೊಂಡಿದ್ದು ಜಾಣತನ ಅಂತಲೇ ನನ್ನ ಅಭಿಪ್ರಾಯ. ನಾನು ಹದಿನಾಲ್ಕು ವರ್ಷದಲ್ಲಿ ಎಲ್ಲ ದಿಕ್ಕಿನಿಂದಲೂ ಬಂದಿದ್ದೇನೆ. ಬೆಂಗಳೂರಿನಿಂದ ದುಬೈಗೆ ಸುಮಾರು 2,700, ಅಲ್ಲಿಂದ ಇಲ್ಲಿಗೆ 13,000 ಕಿ.ಮೀ. ಒಟ್ಟು 15,700. ಫ್ರಾಂಕ್‌ಫರ್ಟ್ ಮೇಲೆ ಬಂದರೆ 16,500 ದಾಟುತ್ತದೆ. ಲಂಡನ್ ಮೇಲೆ ಇನ್ನೂ ನೂರು ಜಾಸ್ತಿ. ಟೋಕಿಯೊ ಮೇಲೆ 6,700 ಮತ್ತು 8,200, ಒಟ್ಟು 14,900. ನೇರ ಗೆರೆಗಿಂತ ಬರೀ 900 ಕಿ.ಮೀ. ಹೆಚ್ಚು.

ದುಬೈ ದಾರಿಯಲ್ಲಿ ಎರಡನೇ ವಿಮಾನ ಹದಿನಾರು ಗಂಟೆ ಹತ್ತಿರ. ಒಂದೇ ಸೀಟಿನಲ್ಲಿ. 71 ವರ್ಷದವರಿಗೆ ಅದಕ್ಕಿಂತ ಎಂಟು, ನಾಲ್ಕು, ಒಂಬತ್ತು ಅಂತ ಒಡೆದಿರುವುದೇ ವಾಸಿ.

ಧಾರವಾಡ ಪೇಡೆ

ಒಪ್ಪುವುದಿಲ್ಲ. ನಮ್ಮ ತಂದೆಯವರನ್ನು ಕರೆಸಿದಾಗ ನೇರ ವಿಮಾನವೇ ಬೇಕು ಅಂದೆವು. ಭಾಷೆ ಬರದ ಊರಿನಲ್ಲಿ ಇಳಿದು, ಗೇಟ್ ಹುಡುಕಿ, ಮತ್ತೆ ಬ್ಯಾಗ್ ತಪಾಸಣೆ ಮಾಡಿಸಿ ಓಡಾಡುವುದಕ್ಕಿಂತ ಕೂತಲ್ಲೇ ಕೂತು ಬರುವುದು ಸುಖ. ಗಂಟೆ ಒಂದೇ ಲೆಕ್ಕ ಅಲ್ಲ.

ಬೇ ಏರಿಯಾ ಭಟ್ಟ

ಅದಕ್ಕೇ ವೀಲ್‌ಚೇರ್ ಕೇಳಬೇಕು. ನಡೆಯಲು ಆಗುತ್ತದೆಯೋ ಇಲ್ಲವೋ, ಟಿಕೆಟ್ ಮಾಡಿಸುವಾಗಲೇ ಕೇಳಿ. ಒಂದು ವಿಮಾನದ ಬಾಗಿಲಿನಿಂದ ಇನ್ನೊಂದರ ಬಾಗಿಲಿಗೆ ಅವರೇ ಮುಟ್ಟಿಸುತ್ತಾರೆ. ಅಪ್ಪಂದಿರಿಗೆ ಮೊದಲು ಮರ್ಯಾದೆ ಪ್ರಶ್ನೆ ಆಗುತ್ತದೆ, "ನನಗೇನು ಕಾಲಿಲ್ಲವಾ" ಅಂತಾರೆ. ಇಮಿಗ್ರೇಶನ್ ಸಾಲು ನೋಡಿದ ಮೇಲೆ ಸುಮ್ಮನಾಗುತ್ತಾರೆ.

ಮಲ್ಲೇಶ್ವರದ ಮಿಂಚು

ನಡುವೆ ಬಾಯಿ ಹಾಕುತ್ತೇನೆ. 2021ರಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬಂದಿದ್ದರಲ್ಲ? ಮೇಷ್ಟ್ರ ದಾರ ಧ್ರುವ ಮುಟ್ಟುವುದಿಲ್ಲ ಅಂದರೆ ಅವರು ಯಾಕೆ ಅಲ್ಲಿಗೆ ಹೋದರು?

ರನ್‌ವೇ ರಂಗ

ಒಳ್ಳೆಯ ಪ್ರಶ್ನೆ. ದಾರ ಮುಟ್ಟುವುದು ಸುಮಾರು 71 ಡಿಗ್ರಿ ಉತ್ತರದವರೆಗೆ ಮಾತ್ರ, ಧ್ರುವಕ್ಕೆ ಇನ್ನೂ ಎರಡು ಸಾವಿರ ಕಿ.ಮೀ. ಬಾಕಿ ಇರುತ್ತದೆ. ಆದರೆ ಟಿಬೆಟ್ ಬಿಟ್ಟು ಸುತ್ತು ಹಾಕಬೇಕು, ಎದುರುಗಾಳಿ ತಪ್ಪಿಸಬೇಕು. ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಕೆಲವೊಮ್ಮೆ ಇನ್ನೂ ಮೇಲೆ ಹೋಗುವುದೇ ಲಾಭ.

ಅದು ಏರ್ ಇಂಡಿಯಾದ ಈ ಮಾರ್ಗದ ಮೊದಲ ವಿಮಾನ, ಬೋಯಿಂಗ್ 777. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ತಂಡ. 2021ರ ಜನವರಿ 9, ಶನಿವಾರ ರಾತ್ರಿ ಅಲ್ಲಿಂದ ಹೊರಟು ಸೋಮವಾರ, 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿದರು. ಗೆರೆಯ ದೂರ 14 ಸಾವಿರ ಕಿ.ಮೀ.ಗೆ ಸ್ವಲ್ಪ ಕಡಿಮೆ. ಹಾರಿದ್ದು ಸುಮಾರು 16 ಸಾವಿರ. ಹದಿನೇಳು ಗಂಟೆಗೂ ಹೆಚ್ಚು. ಧ್ರುವದ ಹತ್ತಿರ ಹಾರುವಾಗ ಇಂಧನ ಹೆಪ್ಪುಗಟ್ಟದಂತೆ ಅದರ ತಾಪಮಾನ ನೋಡುತ್ತಲೇ ಇರಬೇಕು. ಜೆಟ್ ಎ-1 ಅನ್ನುವ ಇಂಧನ ಮೈನಸ್ 47ರ ಹತ್ತಿರ ಗಟ್ಟಿಯಾಗುತ್ತದೆ. ತುಪ್ಪ ಹೆರೆಗಟ್ಟಿದ ಹಾಗೆ ಅಂದುಕೊಳ್ಳಿ.

ಟಿಕೆಟ್ ನೋಡುವವರಿಗೆ ಒಂದು ಮಾತು. ಈ ನೇರ ವಿಮಾನ ನಿಂತು ಮತ್ತೆ ಶುರುವಾದದ್ದೂ ಉಂಟು. ಈಗ ಇದೆಯಾ ಅಂತ ಖಚಿತ ಮಾಡಿಕೊಂಡೇ ಯೋಜನೆ ಹಾಕಿ.

ಮಲ್ಲೇಶ್ವರದ ಮಿಂಚು

ಶನಿವಾರ ರಾತ್ರಿ ಹತ್ತಿ ಸೋಮವಾರ ಇಳಿದರೆ ಭಾನುವಾರದ ಬಾಡೂಟ ಹೋಯಿತಲ್ಲ!

ಒಂಟಿಕೊಪ್ಪಲ್ ಹುಡುಗಿ

ಗಾಳಿ ಅಂದಿರಲ್ಲ, ಅದರಿಂದ ಅಷ್ಟೊಂದು ವ್ಯತ್ಯಾಸ ಆಗುತ್ತದಾ? ವಾಪಸ್ ಟಿಕೆಟ್‌ನಲ್ಲಿ ಇಲ್ಲಿಂದ ಟೋಕಿಯೊಗೆ 11 ಗಂಟೆ ಅಂತ ಇದೆ. ಬರುವಾಗ ಒಂಬತ್ತು. ಅಚ್ಚಿನ ತಪ್ಪು ಅಂದುಕೊಂಡಿದ್ದೆ.

ರನ್‌ವೇ ರಂಗ

ತಪ್ಪಲ್ಲ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿಯ ಹೊಳೆ ಹರಿಯುತ್ತದೆ, ಜೆಟ್ ಸ್ಟ್ರೀಮ್ ಅಂತ. ಜಪಾನಿನಿಂದ ಪೆಸಿಫಿಕ್ ಮೇಲೆ ಅದು ಬಹಳ ಬಲವಾಗಿರುತ್ತದೆ. ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟುವುದು ಸಾಮಾನ್ಯ. ಬರುವಾಗ ಬೆನ್ನಿಗೆ ತಳ್ಳುತ್ತದೆ, ಹೋಗುವಾಗ ಎದೆಗೆ ಒದೆಯುತ್ತದೆ. ವಿಮಾನದ ವೇಗ ಗಾಳಿಗೆ ಹೋಲಿಸಿದರೆ ಅದೇ 900, ನೆಲಕ್ಕೆ ಹೋಲಿಸಿದರೆ ಒಮ್ಮೆ 1,000 ಒಮ್ಮೆ 750.

ಬೆಂಗಳೂರು – ದೆಹಲಿ ನೋಡಿ, 1,700 ಕಿ.ಮೀ. ಎರಡೂ ಊರು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಗಾಳಿ ಪಕ್ಕದಿಂದ ಬೀಸುತ್ತದೆ. ಹಾಗಾಗಿ ಹೋಗುವಾಗ ಬರುವಾಗ ಅಂಥ ವ್ಯತ್ಯಾಸ ಇಲ್ಲ. ಪೂರ್ವ ಪಶ್ಚಿಮ ಹೋಗುವವರಿಗೇ ಈ ಬಡ್ಡಿ ಲೆಕ್ಕ.

ದಾವಣಗೆರೆ ಡಾಕ್ಟರಮ್ಮ

ಎಲ್ಲರೂ ವಿಮಾನ ಹಾರಿಸುತ್ತಿದ್ದೀರಿ, ಅವರು ಕೇಳಿದ್ದು ಇನ್ಸುಲಿನ್ ವಿಷಯ.

ನೋಡಿ ಅಮ್ಮಾ, ನಿಮ್ಮ ಡಾಕ್ಟರಿಗೆ ಕಿಲೋಮೀಟರ್ ಬೇಡ. ವಿಮಾನದ ಗಂಟೆಯೂ ಸಾಲದು. ಮನೆಯಲ್ಲಿ ಕೊನೆಯ ಊಟ ಮಾಡಿದ್ದು ಯಾವಾಗ, ನಿಮ್ಮ ಮನೆಯಲ್ಲಿ ಮೊದಲ ಊಟ ಮಾಡುವುದು ಯಾವಾಗ, ನಡುವೆ ಎಷ್ಟು ಸಲ ಊಟ ಸಿಗುತ್ತದೆ, ಎಷ್ಟು ಗಂಟೆಗೊಮ್ಮೆ. ಇದನ್ನು ಪೂರ್ತಿ ಬೆಂಗಳೂರಿನ ಸಮಯದಲ್ಲಿ ಒಂದು ಹಾಳೆಯ ಮೇಲೆ ಬರೆಯಿರಿ. ಮೇಷ್ಟ್ರು ಮಾಡಿದ ಹಾಗೆ. ಡೋಸ್ ಎಷ್ಟು, ಯಾವಾಗ ಅನ್ನುವುದನ್ನು ಆ ಹಾಳೆ ನೋಡಿ ಅವರೇ ಹೇಳುತ್ತಾರೆ. ಇಲ್ಲಿ ಯಾರ ಮಾತೂ ಕೇಳಬೇಡಿ, ನನ್ನದು ಸೇರಿಸಿ.

ಇನ್ಸುಲಿನ್ ಕೈಚೀಲದಲ್ಲೇ ಇರಲಿ, ದೊಡ್ಡ ಬ್ಯಾಗಿಗೆ ಹಾಕಿದರೆ ಕೆಳಗಿನ ಚಳಿಗೆ ಕೆಡಬಹುದು. ಚೀಟಿ ಜೊತೆಗಿರಲಿ. ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ. ಸಸ್ಯಾಹಾರ ಬೇಕಿದ್ದರೆ ಮೊದಲೇ ಹೇಳಿ, ವಿಮಾನದೊಳಗೆ ಕೇಳಿದರೆ ಸಿಗುವುದಿಲ್ಲ. ಶುಗರ್ ಇರುವವರು "ಏನೂ ಸೇರಲಿಲ್ಲ" ಅಂತ ಉಪವಾಸ ಕೂರಬಾರದು.

ಧಾರವಾಡ ಪೇಡೆ

ಬಾಣಂತನ ಅಂದಮೇಲೆ ಅಮ್ಮ ಪುಡಿಗಳನ್ನು ತರುತ್ತಾರೆ. ಚಟ್ನಿಪುಡಿ, ಮೆಂತ್ಯದ ಪುಡಿ ಎಲ್ಲ ದೊಡ್ಡ ಬ್ಯಾಗಿಗೆ ಹಾಕಿಸಿ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ ಕೈಚೀಲದಲ್ಲಿ 350 ಮಿಲಿಗಿಂತ ಹೆಚ್ಚು ಪುಡಿ ಇದ್ದರೆ ಬೇರೆ ತಪಾಸಣೆ ಇರುತ್ತದೆ. ನನ್ನ ಅತ್ತಿಗೆಯ ಶೇಂಗಾ ಚಟ್ನಿ ಹಾಗೇ ಹೋಯಿತು. ಇಂದಿಗೂ ಆ ಮಾತು ತೆಗೆದರೆ ಬೇಜಾರಾಗುತ್ತಾರೆ.

ಒಂಟಿಕೊಪ್ಪಲ್ ಹುಡುಗಿ

ಡಾಕ್ಟರಮ್ಮ, ತುಂಬಾ ಥ್ಯಾಂಕ್ಸ್. ಹಾಳೆ ಬರೆಯಲು ಕೂತೆ. ಒಂದು ವಿಷಯ ಆಗಲೇ ಗೊತ್ತಾಯಿತು. ಮೈಸೂರಿನಿಂದ ವಿಮಾನ ನಿಲ್ದಾಣದ ಫ್ಲೈಬಸ್ಸೇ ನಾಲ್ಕು ಗಂಟೆ, ಅದು ಯಾವ ಸೈಟಿನ ಲೆಕ್ಕದಲ್ಲೂ ಇರಲಿಲ್ಲ. ಅವರು ಬಂದ ಮೇಲೆ ಇಲ್ಲಿ ಬರೆಯುತ್ತೇನೆ.

ಒಂಟಿಕೊಪ್ಪಲ್ ಹುಡುಗಿ (ಐದು ವಾರಗಳ ನಂತರ)

ತಡವಾಯಿತು, ಕ್ಷಮಿಸಿ. ಕಾರಣ ತೊಟ್ಟಿಲಲ್ಲಿ ಮಲಗಿದೆ. ಹೆಣ್ಣು ಮಗು. ಎಲ್ಲರೂ ಚೆನ್ನಾಗಿದ್ದೇವೆ.

ಅಪ್ಪ ಹಾಲಿನ ಲೆಕ್ಕ ಬರೆಯುವ ಡೈರಿಯಲ್ಲಿ ದಾರಿಯುದ್ದಕ್ಕೂ ಸಮಯ ಬರೆದಿದ್ದಾರೆ, ಪೂರ್ತಿ ಬೆಂಗಳೂರಿನ ಸಮಯದಲ್ಲಿ. ಹಾಗೇ ಇಳಿಸುತ್ತೇನೆ.

ಸೋಮವಾರ ಸಂಜೆ 4:30, ಮನೆ ಬೀಗ ಹಾಕಿದ್ದು. ರಾತ್ರಿ 9:40, ವಿಮಾನ ನಿಲ್ದಾಣ. "ಬಿಡದಿಯಲ್ಲಿ ಜಾಮ್" ಅಂತ ಪಕ್ಕದಲ್ಲಿ ಬರೆದಿದ್ದಾರೆ. ಮಂಗಳವಾರ 3:05, ವಿಮಾನ ನೆಲ ಬಿಟ್ಟಿದ್ದು. 10:35, ಟೋಕಿಯೊ ನೆಲ ಮುಟ್ಟಿದ್ದು. ಮಧ್ಯಾಹ್ನ 2:35, ಮತ್ತೆ ನೆಲ ಬಿಟ್ಟಿದ್ದು. ರಾತ್ರಿ 11:10, ಸ್ಯಾನ್ ಫ್ರಾನ್ಸಿಸ್ಕೊ. ಬುಧವಾರ ಬೆಳಗಿನ ಜಾವ 2:00, ಮಗಳ ಮನೆ. "ಅನ್ನ, ತಿಳಿಸಾರು."

ಒಟ್ಟು ಮೂವತ್ತಮೂರೂವರೆ ಗಂಟೆ. ಅದರಲ್ಲಿ ಚಕ್ರ ನೆಲ ಬಿಟ್ಟು ಆಕಾಶದಲ್ಲಿದ್ದದ್ದು 16 ಗಂಟೆ 5 ನಿಮಿಷ. ಅರ್ಧಕ್ಕಿಂತ ಕಡಿಮೆ! ಉಳಿದದ್ದು ಬಸ್ಸು, ಸಾಲು, ಕುರ್ಚಿ, ಬ್ಯಾಗು. ಇನ್ಸುಲಿನ್ ಡಾಕ್ಟರ್ ಬರೆದುಕೊಟ್ಟ ಹಾಗೇ ಆಯಿತು, ಶುಗರ್ ಎಲ್ಲೂ ಕೆಳಗಿಳಿಯಲಿಲ್ಲ. ವೀಲ್‌ಚೇರ್ ವಿಷಯ ಭಟ್ಟರು ಹೇಳಿದ್ದು ನೂರಕ್ಕೆ ನೂರು. ಬೆಂಗಳೂರಿನಲ್ಲಿ ಬೇಡ ಅಂದವರು ಇಲ್ಲಿ ಇಳಿದಾಗ ತಾವೇ ಕೇಳಿ ಕೂತರಂತೆ.

ರನ್‌ವೇ ರಂಗ

ಮಗುವಿಗೆ ಶುಭಾಶಯ. ಎರಡನೇ ವಿಮಾನ 8 ಗಂಟೆ 35 ನಿಮಿಷದಲ್ಲಿ 8,200 ಕಿ.ಮೀ. ಅಂದರೆ ನೆಲದ ಲೆಕ್ಕದಲ್ಲಿ 950 ದಾಟಿದೆ. ಬೆನ್ನಿಗೆ ಗಾಳಿ ಚೆನ್ನಾಗಿ ಸಿಕ್ಕಿದೆ. ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಗಂಟೆಗೆ 450.

ಭೂಗೋಳ ಮೇಷ್ಟ್ರು

ಅಪ್ಪನ ಡೈರಿಯ ಆ ಪುಟ ಜೋಪಾನವಾಗಿ ಇಡಿ. ಅಮ್ಮನ ಗಡಿಯಾರದ ಉಪಾಯ ಕೆಲಸ ಮಾಡಿತಾ?

ಒಂಟಿಕೊಪ್ಪಲ್ ಹುಡುಗಿ

ಮಾಡಿತು ಮೇಷ್ಟ್ರೇ, ಸ್ವಲ್ಪ ಜಾಸ್ತಿಯೇ ಮಾಡಿತು. ಅಮ್ಮನ ಕೈಯಲ್ಲಿ ಮದುವೆಯಲ್ಲಿ ಕೊಟ್ಟ ಎಚ್‌ಎಂಟಿ ಇದೆ. ಅದರ ಮುಳ್ಳು ತಿರುಗಿಸಲು ಇವತ್ತಿಗೂ ಬಿಟ್ಟಿಲ್ಲ. ಅರ್ಧ ಗಂಟೆ ಕಳೆದು ಓದುತ್ತಾ ಒಂದು ತಿಂಗಳು ಆರಾಮಾಗಿದ್ದರು. ಕಳೆದ ಭಾನುವಾರ ಇಲ್ಲಿ ಗಡಿಯಾರ ಹಿಂದಕ್ಕೆ ಹೋಯಿತಲ್ಲ. ಬೆಳಿಗ್ಗೆ ಎದ್ದವರೇ ಅಡುಗೆಮನೆ ಗಡಿಯಾರ ನೋಡಿ, ಕೈ ನೋಡಿ, "ನಿನ್ನೆವರೆಗೆ ಅರ್ಧ ಗಂಟೆ ಇತ್ತು, ಇವತ್ತು ಒಂದೂವರೆ. ನಿಮ್ಮ ಅಮೆರಿಕ ರಾತ್ರಿ ಹೊತ್ತು ಇನ್ನೂ ದೂರ ಹೋಗುತ್ತದಾ?" ಅಂದರು.